ಸುತ್ತಿ ಬಂದ ಕೆಂಪು

ಟೊಮೆಟೊ ವಿಂಗಡಿಸುವ ನಮ್ಮ ಯಂತ್ರ ಚೆನ್ನಾಗಿ ಮಾಗಿದ ಕಡುಗೆಂಪು ಹಣ್ಣುಗಳನ್ನೇ ಕಸಕ್ಕೆ ನೂಕತೊಡಗಿತು.

"ಕ್ಯಾಮೆರಾ ಬದಲಾಯಿಸೋಣ," ಎಂದರು ಮ್ಯಾನೇಜರ್.

"ಕ್ಯಾಮೆರಾ ಮೇಲೆ ಗೂಬೆ ಕೂರಿಸ್ಬೇಡಿ ಸಾರ್," ಎಂದು ನಾನು ಪ್ರೋಗ್ರಾಮ್ ತೆರೆದೆ.

ಅದನ್ನು ಬರೆದವನು ಪಕ್ಕದಲ್ಲೇ ನಿಂತಿದ್ದ ನನ್ನ ತಮ್ಮ. ನೆರಳಿಗೆ ಯಂತ್ರ ಮೋಸಹೋಗದಿರಲೆಂದು ಬಣ್ಣವನ್ನು ಬೆಳಕಿನಿಂದ ಬೇರ್ಪಡಿಸಿದ್ದ; ಅಷ್ಟು ಸರಿ. ಆದರೆ ಆ ಲೆಕ್ಕದಲ್ಲಿ ಬಣ್ಣಗಳು ಬಳೆಯಂತೆ ದುಂಡಗೆ ಕೂತಿರುತ್ತವೆ. ಎಣಿಕೆ ಕೆಂಪಿನಲ್ಲಿ ಶುರುವಾಗಿ, ಹಸಿರು, ನೀಲಿ ಸುತ್ತಿ, ಮತ್ತೆ ಕೆಂಪಿಗೇ ಬಂದು ಮುಗಿಯುತ್ತದೆ. ತಮ್ಮ ಶುರುವಿನ ಕೆಂಪನ್ನು ಹಿಡಿದು ಕೊನೆಯದನ್ನು ಮರೆತಿದ್ದ. ಕಡುಗೆಂಪು ಇದ್ದದ್ದು ಅಲ್ಲೇ.

ಆ ಕೊನೆಯ ಕೆಂಪನ್ನೂ ಹಿಡಿಯುವಂತೆ ಒಂದು ಸಾಲು ಸೇರಿಸಿದೆ. ಕಡುಗೆಂಪು ಹಣ್ಣುಗಳು ಯಂತ್ರದ ಬೆಲ್ಟ್ ಮೇಲಿಂದ ರಾಜಾರೋಷವಾಗಿ ಕ್ರೇಟಿಗೆ ಉರುಳಿದವು.

ತಮ್ಮನ ಮುಖ ನಾಚಿಕೆಯಿಂದ ಅದೇ ಬಣ್ಣಕ್ಕೆ ತಿರುಗಿತು.

"ಹೆದರ್ಬೇಡ ಕಣೋ," ಎಂದೆ. "ಈಗ ಬೆಲ್ಟ್ ಮೇಲೆ ನೀನು ಮಲಗಿದ್ರೂ ಪಾಸೇ."