ನಾಲ್ಕು ಚುಕ್ಕಿಗಳ ಒಮ್ಮತ

೧
ಈ ಕಥೆಯನ್ನು ಅಪ್ಪನ ಕಾಲಿನಿಂದ ಶುರುಮಾಡಲೇ, ಮಗಳ ಲೆಕ್ಕದಿಂದಲೇ? ಕಾಲಿನಿಂದ ಶುರುವಾದ ಡ್ರಾಫ್ಟನ್ನು ಹರಿದು ಹಾಕಿದೆ. (ಓದುಗರು ಅತ್ತುಬಿಡುತ್ತಾರೆಂಬ ಭಯ. ನಿಜ ಹೇಳಬೇಕೆಂದರೆ, ಅಳಲಿಕ್ಕಿಲ್ಲವೆಂಬ ಭಯ.) ಲೆಕ್ಕದಿಂದಲೇ ಹೊರಡೋಣ.

೨
ಮಗಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಜನರ ನಡುವೆ ಅಭಿಪ್ರಾಯ ಹೇಗೆ ಹರಡುತ್ತದೆ, ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ಅವಳ ಸಂಶೋಧನೆ. ಅವಳ ಮಾದರಿಯಲ್ಲಿ ಮನುಷ್ಯರೆಂದರೆ ಚುಕ್ಕಿಗಳು, ನಂಬಿಕೆಯೆಂದರೆ ಗೆರೆಗಳು. ಪ್ರತಿ ಸುತ್ತಿನಲ್ಲೂ ಒಂದೊಂದು ಚುಕ್ಕಿ ತಾನು ನಂಬುವವರ ಸರಾಸರಿಯ ಕಡೆ ಒಂದಿಷ್ಟು ಸರಿಯುತ್ತದೆ. ಯಾರೂ ಹಟ ಹಿಡಿಯದಿದ್ದರೆ ಕೊನೆಗೆ ಎಲ್ಲರೂ ಒಂದೇ ಸಂಖ್ಯೆಗೆ ಬಂದು ಕೂರುತ್ತಾರೆ.

೩
ಟೈಲರ್ ಅಪ್ಪನ ಬಲಗಾಲು ಕೊಳೆಯುತ್ತಿದೆ. ಐವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು. ತೆಗೆದರೆ ಜೀವ ಉಳಿಯಬಹುದು, ಬಿಟ್ಟರೆ ಹೆಚ್ಚು ದಿನ ಇಲ್ಲ ಎಂದರು ಡಾಕ್ಟರು. ನಾಲ್ವರು ಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ನಡೆಯಿತು. ಮಗಳು ಅದನ್ನೂ ಲೆಕ್ಕಕ್ಕಿಳಿಸಿದಳು: ತೆಗೆಸೋಣ ಎಂದರೆ ಒಂದು, ಬೇಡ ಎಂದರೆ ಸೊನ್ನೆ. ಅಣ್ಣ ಒಂದು, ತಂಗಿ ಸೊನ್ನೆ, ತಮ್ಮನೂ ಅವಳೂ ನಡುವೆ ಎಲ್ಲೋ. ಅಣ್ಣನ ಮಾತಿಗೆ ತೂಕ ಜಾಸ್ತಿ. ಆರನೆಯ ದಿನ ಎಲ್ಲರೂ ಕಾಲು ತೆಗೆಸೋಣ ಎಂದರು. ಅವಳ ಮಾದರಿ ಹೇಳಿದ್ದೂ ಅದನ್ನೇ. ಅವಳಿಗೆ ಖುಷಿಯಾಯಿತು, ಆಮೇಲೆ ಆ ಖುಷಿಗೆ ನಾಚಿಕೆಯಾಯಿತು.

೪
(ಇಲ್ಲಿಗೆ ಮುಗಿಸುವವನಿದ್ದೆ. ಅಂತ್ಯ ಒಂದು: ಸಹಿ, ಆಪರೇಷನ್, ಊರುಗೋಲು. ಅಂತ್ಯ ಎರಡು: ತಂಗಿ ಮತ್ತೆ ಹಟ ಹಿಡಿಯುತ್ತಾಳೆ, ಮೂರು ವಾರದಲ್ಲಿ ಎಲ್ಲ ಮುಗಿಯುತ್ತದೆ.)

ಯಾವುದನ್ನು ಆರಿಸಲಿ ಎಂದು ಮಗಳನ್ನೇ ಕೇಳಿದೆ. ಅವಳು ಆಸ್ಪತ್ರೆಯ ಫಾರಂ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ನೋಟ್‌ಬುಕ್ ತೆರೆದು ತೋರಿಸಿದಳು. ನಾಲ್ಕೇ ಚುಕ್ಕಿಗಳಿದ್ದವು.

"ಅಪ್ಪನ್ನ ಹಾಕೋದೇ ಮರ್ತಿದೀನಿ. ಅವರು ಗುಂಪಲ್ಲಿಲ್ಲ, ಲೆಕ್ಕದಲ್ಲೂ ಬರಲಿಲ್ಲ."

ಪಾತ್ರದ ಮೇಲೆ ರೇಗುವುದು ಲೇಖಕನ ಹಕ್ಕು. ಇಷ್ಟೆಲ್ಲ ಓದಿದವಳು, ಸ್ವಂತ ಅಪ್ಪನನ್ನೇ ಕೇಳಲಿಲ್ಲವೇ ಎಂದು ಗದರಿದೆ.

"ನೀವು ಕೇಳಿದ್ರಾ?" ಎಂದಳು. "ಇಷ್ಟು ಬರೆದ್ರಿ. ಅವರ ಬಾಯಲ್ಲಿ ಒಂದು ಮಾತಾದ್ರೂ ಆಡಿಸಿದ್ರಾ?"

ಬೇಕಾದರೆ ನೀವೂ ಮೇಲಿಂದ ಓದಿ ನೋಡಿ. ಆಡಿಸಿಲ್ಲ.

೫
ಅವಳು ಫಾರಂ ಮಡಚಿಟ್ಟು, ಸ್ಟೂಲ್ ಎಳೆದುಕೊಂಡು ಕೂತಳು. ಅಪ್ಪ ಹೊದಿಕೆಯ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದರು.

"ಅಪ್ಪಾ, ನಿಮಗೇನನ್ಸುತ್ತೆ?"

ಆ ವಾರವಿಡೀ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಅವರು ಕೈ ನಿಲ್ಲಿಸಿದರು, ಮಗಳ ಮುಖ ನೋಡಿದರು, ಬಾಯಿ ತೆರೆದರು.

ಅವರು ಏನನ್ನಬಹುದೆಂದು ನನ್ನ ಬಳಿ ಎರಡು ವಾಕ್ಯಗಳು ಸಿದ್ಧವಿವೆ. ಎರಡೂ ಚೆನ್ನಾಗಿವೆ. ಎರಡನ್ನೂ ಹೊಡೆದುಹಾಕುತ್ತಿದ್ದೇನೆ. ಅವರ ಪರವಾಗಿ ನಾನು ಮಾತಾಡಿದರೆ ಆ ಗುಂಪಿಗೆ ಐದನೆಯವನೊಬ್ಬ ಸೇರಿದಂತೆ, ಅಷ್ಟೇ. ನೀವೂ ಸ್ವಲ್ಪ ಸುಮ್ಮನಿರಿ. ಅಪ್ಪ ಮಾತಾಡುತ್ತಿದ್ದಾರೆ.