ಕುಳ್ಳಿ ಮನೆ ಸೇರಿದಳೇ?

ಮುಚ್ಚಿದ ಬಾಗಿಲಿನ ಆಚೆ ಹುಡುಗಿಯೊಬ್ಬಳು ಕಿಲಕಿಲನೆ ನಕ್ಕಳು. ಒಳಗೆ ಇದ್ದವನು ನನ್ನ ಮಗ, ಒಬ್ಬನೇ. ನನ್ನ ಪಕ್ಕದಲ್ಲಿ ಬಾಗಿಲಿಗೆ ಕಿವಿ ಅಂಟಿಸಿ ನಿಂತವಳು ಅವನ ಹೆಂಡತಿ.

"ಕೇಳಿಸ್ತಾ ಅತ್ತೆ? ನಾನು ಹೇಳಿದರೆ ನಂಬಲಿಲ್ಲ."

ನಂಬುವುದಾದರೂ ಹೇಗೆ? ಮಗನ ಕೆಲಸ ತುರ್ತು ಕರೆಯ ಕೇಂದ್ರದಲ್ಲಿ. ಯಾರಿಗೆ ಏನು ಅಪಾಯವಾದರೂ ಮೊದಲು ಫೋನ್ ಎತ್ತುವವನು ಅವನು. ವಿಳಾಸ ಕೇಳಿ, ಆಂಬುಲೆನ್ಸ್ ಕಳಿಸಿ, ಅದು ಬರುವ ತನಕ ಧೈರ್ಯ ಹೇಳುತ್ತಿರಬೇಕು. ಅಲ್ಲಿ ಅಷ್ಟು ಮಾತಾಡುವವನಿಗೆ ಮನೆಗೆ ಬಂದರೆ ಬಾಯಿಗೆ ಬೀಗ. ಊಟಕ್ಕೆ ಕರೆದರೆ "ಹ್ಞೂಂ". ಉಪ್ಪು ಹೆಚ್ಚಾಯಿತೇನೋ ಅಂದರೆ "ಇಲ್ಲ". ಹೆಂಡತಿಯ ಹತ್ತಿರ ತಪ್ಪದೆ ಆಡುವ ಮಾತು ಒಂದೇ: "ತಲುಪಿದ ಕೂಡಲೇ ಫೋನ್ ಮಾಡು." ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೊರಟರೂ ಅದೇ, ಅಕ್ಕನ ಮನೆಗೆ ಹೊರಟರೂ ಅದೇ. ಮರೆತಳೋ, ಇವನೇ ಮಾಡುತ್ತಾನೆ. ಅವಳು ಗಿರಾಕಿಯ ಕಣ್ಣು ನೋಡುತ್ತಿದ್ದರೂ ಬಿಡುವುದಿಲ್ಲ.

"ನನ್ನ ಮೇಲೆ ಕಾವಲು, ತಾವು ಮಾತ್ರ ಒಳಗೆ ಹುಡುಗೀರ ಜೊತೆ ಹಲ್ಲು ಕಿರಿಯೋದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತೆ!" ಅಂದಳು. ಅವಳ ಕಾಲ ಬಳಿ ಬಟ್ಟೆಯ ಚೀಲ ಸಿದ್ಧವಾಗಿತ್ತು. ಅಕ್ಕನಿಗೆ ಬರುತ್ತೇನೆಂದು ಹೇಳಿಯೂ ಆಗಿತ್ತು. ಈ ಸಲ ತಿರುಗಿ ಬರುವ ಮಾತಿರಲಿಲ್ಲ.

"ಸ್ವಲ್ಪ ಸಮಾಧಾನ ತಾಯಿ."

"ನಿಮ್ಮ ಸಮಾಧಾನ ನಿಮಗೇ ಇರಲಿ ಅತ್ತೆ. ನನ್ನದು ಮುಗೀತು."

ಅಷ್ಟರಲ್ಲಿ ಒಳಗೆ ಮಗ ನಕ್ಕ. ಹೊಟ್ಟೆ ಹಿಡಿದುಕೊಂಡು ನಗುವ ನಗು. ಹುಡುಗಿಯ ದನಿಗಿಂತ ಹೆಚ್ಚಾಗಿ ನಾನು ಬೆಚ್ಚಿಬಿದ್ದದ್ದು ಅದಕ್ಕೆ. ಆ ನಗುವನ್ನು ನಾನು ಕೇಳಿದ್ದು ಅವನಿಗೆ ಮೀಸೆ ಮೂಡುವ ಮೊದಲು.

ಸೊಸೆ ಬಾಗಿಲು ದೂಡಿದಳು. ಚಿಲಕವನ್ನೇ ಹಾಕಿರಲಿಲ್ಲ.

ಕಿವಿಯ ಮೇಲೆ ನರೆ ಬಂದ ನನ್ನ ಮಗ ದಿಂಬು ಅವಚಿಕೊಂಡು ಕೂತಿದ್ದ. ಎದುರಿಗೆ ನೀರಿನ ಲೋಟಕ್ಕೆ ಒರಗಿಸಿದ ಫೋನು. ಅದರಲ್ಲಿ, ಶಾಲೆಯ ಸಮವಸ್ತ್ರ ತೊಟ್ಟ ನಾಲ್ಕು ಹುಡುಗಿಯರು. ನಿಜದವರಲ್ಲ, ಬರೆದ ಚಿತ್ರಗಳು. ಅರ್ಧ ಮುಖ ಕಣ್ಣೇ.

ಮಗ ದಿಂಬನ್ನು ಇನ್ನೂ ಬಿಗಿಯಾಗಿ ಅವಚಿಕೊಂಡ.

"ಏನೋ ಇದು?"

"ಅನಿಮೆ ಅಮ್ಮ. ಜಪಾನಿನದು."

"ಕಾರ್ಟೂನಾ?" ಸೊಸೆಯ ದನಿ ಮೇಲೇರಿ ಅಲ್ಲೇ ಮುರಿಯಿತು. "ಇಷ್ಟು ದಿನ ಕಾರ್ಟೂನ್ ಮೇಲೆ ಹೊಟ್ಟೆ ಉರ್ಕೊಂಡೆನಾ ನಾನು?"

"ನಾಚಿಕೆ ಆಯ್ತು ಕಣೇ. ನಗ್ತೀಯ ಅಂತ."

"ನಗೋದಾ! ಬಟ್ಟೆ ಕಟ್ಟಿದೀನಿ ರೀ!"

ಆಗ ಅವನು ಚೀಲ ನೋಡಿದ. ಮುಖ ಸುಣ್ಣವಾಯಿತು.

ಸೊಸೆ ಮಂಚದ ಅಂಚಿಗೆ ಕುಸಿದಳು. "ಏನಿದೆ ಇದರಲ್ಲಿ, ಹೇಳಿ."

"ಏನೂ ಇಲ್ಲ. ಅದಕ್ಕೇ ನೋಡೋದು. ವರ್ಷವಿಡೀ ಸರದಿ ಹಾಕ್ಕೊಂಡು ತರಗತಿಯ ಗಿಡಕ್ಕೆ ನೀರು ಹಾಕಿದಾರೆ. ರಜೆಗೆ ಮನೆಗೆ ಒಯ್ಯೋವಾಗ ಗೊತ್ತಾಗಿದೆ, ಪ್ಲಾಸ್ಟಿಕ್ ಗಿಡ ಅಂತ."

"ಆಮೇಲೆ?"

"ಅಷ್ಟೇ ಕತೆ."

"ಯಾರೂ ಸಾಯಲ್ವೇನೋ?" ಅಂದೆ. ನಾನು ನೋಡುವ ಧಾರಾವಾಹಿಯಾಗಿದ್ದರೆ ಆ ಗಿಡದ ಬುಡದಲ್ಲಿ ಒಂದು ವಿಷದ ಸೀಸೆಯಾದರೂ ಸಿಗುತ್ತಿತ್ತು.

"ಇಲ್ಲಮ್ಮ. ಯಾರೂ ಇಲ್ಲ."

ಅವನು ದಿಂಬಿನ ಮೂಲೆ ತಿರುಚುತ್ತ ಕೂತ. ಆಮೇಲೆ ತಾನಾಗಿಯೇ ಹೇಳಿದ. "ಒಂದು ಹುಡುಗಿ ಫೋನ್ ಮಾಡಿದ್ದಳು. ಇವರಷ್ಟೇ ವಯಸ್ಸಿರಬೇಕು. ಅಮ್ಮ ಬಚ್ಚಲಲ್ಲಿ ಬಿದ್ದಿದಾಳೆ, ಏಳ್ತಿಲ್ಲ ಅಂತ. ಮುಂಬಾಗಿಲು ತೆಗೆದಿಡು ಪುಟ್ಟಿ, ಬರ್ತಿದಾರೆ ಅಂದೆ. ಬಂದರು. ಫೋನ್ ಇಟ್ಟಳು."

"ತಾಯಿ ಏನಾದಳು?" ಸೊಸೆ ಕೇಳಿದಳು.

"ಗೊತ್ತಿಲ್ಲ. ನಮಗೆ ಹೇಳಲ್ಲ, ಕೇಳೋ ಹಾಗೂ ಇಲ್ಲ. ಅಷ್ಟರಲ್ಲಿ ಮುಂದಿನ ಫೋನ್. ಯಾರು ಉಳಿದರು, ಯಾರು ಮನೆಗೆ ಬಂದರು, ಒಂದೂ ಗೊತ್ತಾಗಲ್ಲ." ಫೋನಿನತ್ತ ಗಲ್ಲ ಎತ್ತಿದ. "ಇವರು ಕೊನೇಲಿ ಮನೆ ಸೇರ್ತಾರೆ. ಕಣ್ಣಾರೆ ನೋಡ್ತೀನಿ."

ನಮ್ಮ ಜೊತೆ ಕೂತು ಉಣ್ಣುತ್ತಿದ್ದವನು ಅಷ್ಟು ಜನರ ಬಾಗಿಲ ಹೊರಗೆ ನಿಂತೇ ಇದ್ದನೇ? ಸೊಸೆ ಕೈ ಚಾಚಿ ಫೋನನ್ನು ನಮ್ಮೆಲ್ಲರಿಗೂ ಕಾಣುವ ಹಾಗೆ ತಿರುಗಿಸಿದಳು.

ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಪರದೆಯ ಕೆಳಗಿನ ಕನ್ನಡದ ಸಾಲನ್ನು ಕೂಡಿಸಿಕೊಳ್ಳುವುದರೊಳಗೆ ಅದು ಓಡಿಬಿಡುತ್ತಿತ್ತು. ಸೊಸೆ ಓದಿ ಹೇಳಿದಳು, ನಡುನಡುವೆ ತನ್ನದೂ ಸೇರಿಸಿ: "ಈ ಕುಳ್ಳಿಯ ಕನ್ನಡಕ ಮೂಗಿನ ಮೇಲೆ ಕೂತೇ ಇಲ್ಲ. ಯಾರು ಕೊಟ್ಟರೋ!"

ಹುಡುಗಿಯರು ಮನೆಗೆ ಹೊರಟರು. ಒಬ್ಬಳ ಬಾಗಿಲು ಮುಚ್ಚಿತು, ಇನ್ನೊಬ್ಬಳದು, ಮತ್ತೊಬ್ಬಳದು. ಕುಳ್ಳಿ ಆ ಗಿಡದ ಕುಂಡ ಹೊತ್ತು ತಿರುವಿನಲ್ಲಿದ್ದಾಗಲೇ ಹಾಡು ಶುರುವಾಗಿ, ಚಿತ್ರ ಮಾಡಿದವರ ಹೆಸರುಗಳು ಬಂದವು.

"ಅಯ್ಯೋ, ಕುಳ್ಳಿ?" ಸೊಸೆ ಎದ್ದೇ ನಿಂತಳು.

"ತಾಳು. ಹೆಸರು ಮುಗೀಲಿ."

ಹೆಸರುಗಳು ಮುಗಿದವು. ಕುಳ್ಳಿ ಬಾಗಿಲು ತೆರೆದು ಒಳಗೆ ಬಂದಳು. ಕುಂಡವನ್ನು ಕಿಟಕಿಯಲ್ಲಿಟ್ಟಳು. ಅತ್ತಿತ್ತ ನೋಡಿ, ಯಾರೂ ಇಲ್ಲದ್ದು ಕಂಡು, ಆ ಪ್ಲಾಸ್ಟಿಕ್ ಗಿಡಕ್ಕೆ ನೀರು ಹಾಕಿದಳು.

ನನ್ನ ಮಗ ಉಸಿರು ಬಿಟ್ಟ. ಅಷ್ಟು ಹೊತ್ತು ಹಿಡಿದಿದ್ದನೆಂದು ನನಗೆ ಆಗ ತಿಳಿಯಿತು.

ಅಕ್ಕನಿಗೆ ಮಾತು ಕೊಟ್ಟಿದ್ದರಿಂದ ಸಂಜೆ ಸೊಸೆ ಹೊರಟಳು. ಚೀಲ ಮಂಚದ ಮೇಲೆಯೇ ಉಳಿಯಿತು. ಮಗ ಹೊಸಿಲಲ್ಲಿ ಬಾಯಿ ತೆರೆದ.

"ಗೊತ್ತು, ಗೊತ್ತು," ಅಂದು ಮೆಟ್ಟಿಲಿಳಿದಳು.

ಫೋನ್ ಬಂದಾಗ ಅವನು ಎಂದಿನಂತೆ ಬೆಚ್ಚಿ ಎತ್ತಿದ. ಅವಳ ದನಿ ನನ್ನ ತನಕ ಕೇಳಿಸುತ್ತಿತ್ತು.

"ತಲುಪಿದೆ ರೀ. ಅಕ್ಕ ಬಾಗಿಲು ತೆಗೆದಳು. ಒಳಗೆ ಬಂದೆ. ಚಪ್ಪಲಿ ಬಿಟ್ಟೆ. ನೋಡಿ, ಕೂತೆ. ಸಾಕಾ, ಇನ್ನೂ ಬೇಕಾ?"

"ಇನ್ನೂ ಹೇಳು," ಅಂದ ನನ್ನ ಮಗ.