ಗೂಡಿಗೊಂದು ಕಡ್ಡಿ

ಅಪ್ಪನ ಬಲಗಣ್ಣು ಹೋದ ವರ್ಷವೇ ಹೋಗಿತ್ತು. ಎಡಗಣ್ಣು ಹೆಚ್ಚೆಂದರೆ ಈ ಬೇಸಿಗೆ ದಾಟಬಹುದು ಎಂದು ತಿಂಗಳ ಕೆಳಗೆ ಡಾಕ್ಟರು ಹೇಳಿದರು. ಸಕ್ಕರೆ ಕಾಯಿಲೆ. ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಅಪ್ಪ ಅದರ ಮಾತೇ ಎತ್ತಲಿಲ್ಲ. ಇಳಿದ ಮೇಲೆ, "ಹಕ್ಕಿ ಮರಿ ಒಡದ ಮ್ಯಾಲೆ ನನ್ನ ಒಂದ್ಸಲ ನಡುಗಡ್ಡಿಗೆ ಕರ್ಕಂಡು ಹೋಗವಾ. ಇನ್ನೊಂದು ವರ್ಷ ಕಾಣ್ತಾವೋ ಇಲ್ಲೋ," ಎಂದ.

ತುಂಗಭದ್ರೆಯ ಹಿನ್ನೀರು ಇಳಿದಾಗ ಏಳುವ ಮರಳುದಿಬ್ಬ ಅದು. ಅಲ್ಲಿ ಬರಿ ಮರಳಿನ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಹಳದಿ ಕೊಕ್ಕು, ತಲೆಯ ಮೇಲೆ ಕರಿ ಟೋಪಿ. ಪುಸ್ತಕದಲ್ಲಿ ಅದರ ಹೆಸರು ಹೊಳೆ ರೀವ. ನಲವತ್ತು ವರ್ಷ ಮೀನು ಹಿಡಿದ ಅಪ್ಪನಿಗೆ 'ನಮ್ಮ ಹಕ್ಕಿ', ಅಷ್ಟೇ.

ಅಪ್ಪನ ಜೊತೆ ಬಲೆ ಬಿಡುತ್ತಿದ್ದ ಮಂಜಣ್ಣ ಈಗ ಭಾನುವಾರ ಹಕ್ಕಿ ನೋಡುವ ಕ್ಯಾಮೆರಾದವರನ್ನು ತೆಪ್ಪದಲ್ಲಿ ಅಲ್ಲಿಗೆ ಕರೆತರುತ್ತಾನೆ. ಮೂರು ವಾರದ ಕೆಳಗೆ ಅವರಲ್ಲಿ ಯಾರೋ ಕಾಣದೆ ಎರಡು ಮೊಟ್ಟೆ ತುಳಿದರು. ನಾನು ಅಲ್ಲೇ ಇದ್ದೆ. ನೋಡಿ ನಡೀರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಲೆ ಬಿಟ್ಟ ಕಡೆ ಬೇರೆ ತೆಪ್ಪ ಹಾಯದಿರಲೆಂದು ನಮ್ಮವರು ಕಡ್ಡಿ ನೆಟ್ಟು ಕೆಂಪು ಅರಿವೆ ಕಟ್ಟುತ್ತಾರೆ. ಮರುದಿನ ಹೋಗಿ ಹದಿನೇಳು ಗೂಡಿಗೂ ಹಾಗೇ ಕಟ್ಟಿಬಂದೆ. ಆ ದಿನದ ಡೈರಿಯಲ್ಲಿ ಹೆಮ್ಮೆಯಿಂದ ಏನೇನೋ ಬರೆದಿದ್ದೇನೆ. ಈಗ ಆ ಪುಟ ತೆಗೆಯಲು ಮನಸ್ಸಿಲ್ಲ.

ಮರಿ ಒಡೆದಿರಬೇಕೆಂದು ಇವತ್ತು ಬೆಳಿಗ್ಗೆ ಮೂವರೂ ನಡುಗಡ್ಡೆಗೆ ಹೊರಟೆವು. ಹುಟ್ಟು ಹಾಕುತ್ತಿದ್ದವನು ಮಂಜಣ್ಣ.

"ಲೇ ಮಂಜ, ಎಡಕ್ಕ ತಿರುವಲೇ. ಮುಂದ ಜಾಲಿ ಬೊಡ್ಡಿ ಐತಿ," ಎಂದ ಅಪ್ಪ.

"ನೋಡವಾ ಕ್ರಾಂತಿ, ನಿಮ್ಮಪ್ಪನ ಕಣ್ಣು ಹೋದ್ರೂ ಬಾಯಿ ಹೋಗಿಲ್ಲ. ಬರೋ ಭಾನುವಾರ ಇವನ್ನೇ ಕುಂದ್ರಿಸಿ ತೋರಸ್ತೀನಿ, ಮುದಿ ಕೊಕ್ಕರೆ ಅಂತ."

"ತೋರಿಸು. ನಿನ್ನ ಎಮ್ಮಿ ಅಂತ ನಾ ತೋರಸ್ತೀನಿ."

ಅಪ್ಪ ಅಷ್ಟು ನಕ್ಕು ಎಷ್ಟೋ ದಿನವಾಗಿತ್ತು. ದಾರಿಯಲ್ಲಿ ಕಂಡದ್ದನ್ನೆಲ್ಲ ನಾನು ಹೇಳುತ್ತಾ ಹೋದೆ: ನೀರುಕಾಗೆ, ಬೆಳ್ಳಕ್ಕಿ, ಬಂಡೆಗೆ ಮೈ ಉಜ್ಜುತ್ತಿದ್ದ ಮೂರು ನೀರುನಾಯಿ. ಆಮೇಲೆ ತೆಪ್ಪದಂಚಿಗೆ ಸರಿದೆ. ನಡುಗಡ್ಡೆಯ ಕಡ್ಡಿಗಳು ಕಾಣುತ್ತಿದ್ದವು. ಕಡ್ಡಿಗಳ ತುದಿಯಲ್ಲಿ ಕಾಗೆ ಕೂತಿದ್ದವು.

ತೆಪ್ಪ ನಿಲ್ಲುವ ಮೊದಲೇ ಹಾರಿ ಓಡಿದೆ. ಗೂಡೆಂದರೆ ಮರಳಿನಲ್ಲಿ ಅಂಗೈಯಷ್ಟು ತಗ್ಗು. ಎಲ್ಲದರಲ್ಲೂ ಒಡೆದ ಓಡು, ಒಣಗಿದ ಲೋಳೆ. ಮರಳಲ್ಲಿ ಮರಳಾಗಿದ್ದ ಮೊಟ್ಟೆಗಳನ್ನು ಕಾಗೆಗಳಿಗೆ ನಾನೇ ತೋರಿಸಿಕೊಟ್ಟಿದ್ದೆ.

ಮಂಜಣ್ಣ ಅಪ್ಪನ ಕೈಹಿಡಿದು ಇಳಿಸಿದ.

"ಎಷ್ಟದಾವವಾ ಮರಿ?"

"ಅದಾವಪ್ಪ. ಆ ಕಡೆ ಓಡಾಡಾಕ ಹತ್ಯಾವು."

ಮಂಜಣ್ಣ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಅಪ್ಪ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಬರಿದಲೆಯಲ್ಲಿ ನಿಂತ.

"ಮರಿ ಇದ್ರ ಸುಮ್ನ ಬಿಡಂಗಿಲ್ಲ ಅವು. ಬಂದು ನೆತ್ತಿಗೇ ಕುಕ್ಕತಾವು."

ಬಹಳ ಹೊತ್ತು ಕಾದ. ದೂರ ನೀರಂಚಿನಲ್ಲಿ ಎರಡು ಹಕ್ಕಿ ನಿಂತಿದ್ದವು. ಅವು ಏಳಲಿಲ್ಲ.

"ಇಲ್ಲ ಅಲ್ಲೇನವಾ?"

ಆಗ ಹೇಳಿದೆ. ಕಡ್ಡಿ, ಅರಿವೆ, ಕಾಗೆ, ಎಲ್ಲ.

"ಬಲಿ ಕಡ್ಡಿಗೆ ದಿನಾ ಕಾಗಿ ಕುಂದ್ರತಾವು, ನಿಮ್ಮಪ್ಪಗ ಗೊತ್ತಿಲ್ಲೇನು?" ಬೈದಂತಿರಲಿಲ್ಲ ಆ ದನಿ. "ಒಂದು ಮಾತು ಕೇಳಬೇಕಿತ್ತು. ಕಣ್ಣಿಲ್ಲದವನ್ನ ಏನು ಕೇಳಾದು ಅಂದ್ಕಂಡೇನು?"

ಹಾಗೆ ಅಂದುಕೊಂಡಿರಲಿಲ್ಲ. ಆದರೆ ಕೇಳಿಯೂ ಇರಲಿಲ್ಲ.

ಮಂಜಣ್ಣ ಒಂದೊಂದೇ ಕಡ್ಡಿ ಕೀಳತೊಡಗಿದ. ಅಪ್ಪ ಕುಕ್ಕರಗಾಲಲ್ಲಿ ಕೂತು, ಮರಳು ತಡವುತ್ತಾ ಒಂದು ತಗ್ಗು ಹುಡುಕಿ, ಓಡಿನ ಚೂರೊಂದನ್ನು ಎತ್ತಿಕೊಂಡ. ಎಡಗಣ್ಣಿಗೆ ಹತ್ತಿರ ಹಿಡಿದ, ಬಿಸಿಲಿಗೆ ತಿರುಗಿಸಿದ.

"ಚುಕ್ಕಿ ಅದಾವೇನು?"

"ಅದಾವಪ್ಪ. ಕಂದು ಚುಕ್ಕಿ."

"ನಂಗ ಕಾಣವಲ್ಲವು," ಎಂದು ಅದನ್ನು ಮತ್ತೆ ತಗ್ಗಿನೊಳಗೇ ಇಟ್ಟ.